ಘಾಟಿ ತಿರುವಿನಲ್ಲಿ ಫೆರಾರಿಯ ಎತ್ತರ

ಕೊಡಗಿನಲ್ಲಿ ವಾಹನದ ಮಾತು ಶುರುವಾದರೆ ಎಲೆಯಲ್ಲಿ ಬಡಿಸಿದ ಕಡುಂಬುಟ್ಟು ಆರಿಹೋಗುತ್ತದೆ. ಕಾಫಿ ತೋಟದ ಮಣ್ಣಿನ ಹಾದಿಗಳಲ್ಲಿ ಕಾರ್ ರ‍್ಯಾಲಿ ನಡೆಯುವ, ಹತ್ತು ವರ್ಷದ ಹುಡುಗನೂ ಜೀಪಿನ ಗೇರು ಬದಲಿಸಲು ಕೈ ಚಾಚುವ ಜಿಲ್ಲೆ ಇದು. ಮದುವೆ ಮನೆಗಳಲ್ಲಿ, ಹಾಕಿ ಮೈದಾನದ ಅಂಚಿನಲ್ಲಿ ಈಗ ಆಗಾಗ ಏಳುವ ಜಗಳವೊಂದಿದೆ: ಸ್ಪೋರ್ಟ್ಸ್ ಕಾರಿಗೇ ಹೆಸರಾದ ಕಂಪನಿಗಳು ಎಸ್‌ಯುವಿ ತಯಾರಿಸಿದ್ದು ಸರಿಯೇ? ಪೋರ್ಶೆ 911ರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದ ಮಾವ ಒಂದು ಕಡೆ, ಲ್ಯಾಂಬೊರ್ಗಿನಿಯ ಎಸ್‌ಯುವಿ ಉರುಸ್‌ನ ವಿಡಿಯೊಗಳನ್ನು ಬಾಯಿಪಾಠ ಮಾಡಿಕೊಂಡ ಅಳಿಯ ಇನ್ನೊಂದು ಕಡೆ. ಇಬ್ಬರಲ್ಲಿ ಯಾರ ಬಳಿಯೂ ಅಂಥ ಕಾರಿಲ್ಲ ಎಂಬುದು ವಾದದ ಕಾವಿಗೆ ಎಂದೂ ಅಡ್ಡಿಯಾಗಿಲ್ಲ.

ಈ ಜಗಳ ಜಗತ್ತಿಗೆ ಹೊಸದಲ್ಲ. 2002ರಲ್ಲಿ ಪೋರ್ಶೆ ಕಂಪನಿ ಕಾಯೆನ್ ಎಂಬ ಎಸ್‌ಯುವಿಯನ್ನು ಹೊರತಂದಾಗ ಅದರ ಹಳೆಯ ಅಭಿಮಾನಿಗಳು ಮನೆ ದೇವರನ್ನೇ ಮಾರಿದಂತೆ ಸಿಟ್ಟಾದರು. ಆಮೇಲೆ ಒಬ್ಬೊಬ್ಬರಾಗಿ ಹಲವರು ಅದೇ ದಾರಿ ಹಿಡಿದರು. 2017ರಲ್ಲಿ ಉರುಸ್, 2019ರಲ್ಲಿ ಆಸ್ಟನ್ ಮಾರ್ಟಿನ್ ಡಿಬಿಎಕ್ಸ್, 2022ರಲ್ಲಿ ಫೆರಾರಿಯ ಪುರೊಸಾಂಗ್ವೆ. ಫೆರಾರಿ ಇಂದಿಗೂ ತನ್ನದನ್ನು ಎಸ್‌ಯುವಿ ಎಂದು ಕರೆಯಲು ಒಪ್ಪುವುದಿಲ್ಲ. ಹಣದ ವಾದವಂತೂ ಎಂದೋ ಮುಗಿದಿದೆ: 2017ರಲ್ಲಿ 3,815 ಕಾರು ಮಾರಿದ್ದ ಲ್ಯಾಂಬೊರ್ಗಿನಿ, ಉರುಸ್ ಬಂದ ಮೇಲೆ 2019ರಲ್ಲಿ 8,205 ಮಾರಿತು. ಇನ್ನು ಪರಂಪರೆಯ ವಾದ. ‘ಮಾವ, ಆ ಮನೆತನ ಮೊದಲು ಮಾಡಿದ್ದೇ ಟ್ರ್ಯಾಕ್ಟರ್’ ಎಂದು ಅಳಿಯ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಅದು ನಿಜ. ಫೆರುಚ್ಚೊ ಲ್ಯಾಂಬೊರ್ಗಿನಿ 1963ರಲ್ಲಿ ಕಾರು ಕಂಪನಿ ಕಟ್ಟುವ ಮೊದಲೇ ಟ್ರ್ಯಾಕ್ಟರ್ ಮಾರಿ ಶ್ರೀಮಂತನಾಗಿದ್ದ. 1986ರಲ್ಲೇ ಆ ಕಂಪನಿ ಕೌಂಟಾಶ್ ಕಾರಿನ ಹನ್ನೆರಡು ಸಿಲಿಂಡರ್ ಎಂಜಿನ್ನನ್ನು ಎಲ್‌ಎಂ002 ಎಂಬ ದೈತ್ಯ ಜೀಪಿಗೆ ಕೂರಿಸಿತ್ತು.

ಆದರೆ ಮಾವನ ನಿಜವಾದ ಆಕ್ಷೇಪ ಪರಂಪರೆಯದ್ದಲ್ಲ. ‘ಎತ್ತರದ ಗಾಡಿ ತಿರುವಿನಲ್ಲಿ ತಿರುಗುವುದಿಲ್ಲ, ವಾಲುತ್ತದೆ’ ಎಂಬುದು ಅವರ ಮಾತು. ಇದನ್ನು ಲೆಕ್ಕ ಹಾಕಿ ನೋಡಬಹುದು.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಸಿಗುವಂಥ ಒಂದು ಬಿಗಿ ತಿರುವನ್ನು ತೆಗೆದುಕೊಳ್ಳಿ. ಅದರ ತ್ರಿಜ್ಯ 15 ಮೀಟರ್ ಎಂದಿಟ್ಟುಕೊಳ್ಳೋಣ. ಕಾರನ್ನು ಒಳಮುಖವಾಗಿ ತಿರುಗಿಸಲು ಬೇಕಾದ ಬಲ ಅದರ ತೂಕ ಹೆಚ್ಚಿದಷ್ಟೂ ಹೆಚ್ಚುತ್ತದೆ. ಟೈರಿಗೆ ಸಿಗುವ ಹಿಡಿತವೂ ತೂಕದ ಜೊತೆಗೇ ಹೆಚ್ಚುತ್ತದೆ. ಹೀಗಾಗಿ ಲೆಕ್ಕದ ಎರಡೂ ಕಡೆ ತೂಕ ಹೊಡೆದುಹೋಗುತ್ತದೆ. ಉಳಿಯುವುದು ರಸ್ತೆಯ ಹಿಡಿತ, ತಿರುವಿನ ತ್ರಿಜ್ಯ ಮತ್ತು ಗುರುತ್ವ ಮಾತ್ರ. ಮಳೆಯಲ್ಲಿ ನೆನೆದ ಡಾಂಬರಿನ ಘರ್ಷಣಾಂಕ, ಎಂದರೆ ಹಿಡಿತದ ಅಳತೆ, 0.6 ಎಂದುಕೊಂಡರೆ ಆ ತಿರುವಿನ ಮಿತಿ ಗಂಟೆಗೆ ಸುಮಾರು 34 ಕಿಲೋಮೀಟರ್. ಈ ಲೆಕ್ಕಕ್ಕೆ ಹಳೆಯ ಜೀಪೂ ಒಂದೇ, ಫೆರಾರಿಯೂ ಒಂದೇ.

ಇಷ್ಟು ಕೇಳಿ ಅಳಿಯ ಗೆದ್ದೆನೆಂದು ಏಳಬಾರದು, ಏಕೆಂದರೆ ಟೈರು ಅಷ್ಟು ನೇರ ಮನುಷ್ಯನಲ್ಲ. ಅದರ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಹೆಚ್ಚುತ್ತದೆ. ತಿರುವಿನಲ್ಲಿ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಒಳಗಿನವು ಕಳೆದುಕೊಂಡ ಹಿಡಿತವನ್ನು ಹೊರಗಿನವು ಪೂರ್ತಿ ತುಂಬಿಕೊಡಲಾರವು. ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಗುರುತ್ವ ಕೇಂದ್ರದ (ಗಾಡಿಯ ತೂಕವೆಲ್ಲ ಒಟ್ಟುಗೂಡಿದಂತಿರುವ ಬಿಂದುವಿನ) ಎತ್ತರ ಮತ್ತು ಎಡ ಬಲ ಚಕ್ರಗಳ ನಡುವಿನ ಅಂತರ. 1,500 ಕಿಲೋ ತೂಕದ, ಗುರುತ್ವ ಕೇಂದ್ರ ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿರುವ, 1.6 ಮೀಟರ್ ಚಕ್ರಾಂತರದ ಕಾರು ತನ್ನ ತೂಕದ ಅರ್ಧದಷ್ಟು ಪಕ್ಕಬಲದಲ್ಲಿ (ಪಕ್ಕಕ್ಕೆ ಎಳೆಯುವ ಬಲದಲ್ಲಿ) ತಿರುಗಿದರೆ ಸುಮಾರು 210 ಕಿಲೋ ಭಾರ ಹೊರಗಿನ ಚಕ್ರಗಳಿಗೆ ಹೋಗುತ್ತದೆ. 2,200 ಕಿಲೋ ತೂಕದ, 70 ಸೆಂಟಿಮೀಟರ್ ಎತ್ತರದ, 1.7 ಮೀಟರ್ ಚಕ್ರಾಂತರದ ಎಸ್‌ಯುವಿಯಲ್ಲಿ ಅದು ಸುಮಾರು 450 ಕಿಲೋ. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆಗಳನ್ನು ಜೀಪಿನೊಳಗೆ ಹಾಕುವುದಕ್ಕೂ ಮೇಲಿನ ಕ್ಯಾರಿಯರ್‌ಗೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ಯಾವ ಚಾಲಕನಿಗೂ ಈ ಸೂತ್ರ ಕಲಿಸಬೇಕಿಲ್ಲ.

ಹಾಗಾದರೆ ಉರುಸ್ ವಿಡಿಯೊಗಳಲ್ಲಿ ಅಷ್ಟು ಸಪಾಟಾಗಿ ತಿರುಗುವುದು ಹೇಗೆ? ಉತ್ತರ ಅಡಿಯಲ್ಲಿದೆ. ಗೋಣಿಕೊಪ್ಪದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಪರೀಕ್ಷಿಸುವುದನ್ನು ನೀವು ನೋಡಿರುತ್ತೀರಿ. ಬಾನೆಟ್ಟಿನ ಒಂದು ಮೂಲೆಗೆ ಎರಡೂ ಅಂಗೈ ಊರಿ, ಮೈಭಾರ ಹಾಕಿ ಅದುಮಿ, ತಟ್ಟನೆ ಬಿಡುತ್ತಾನೆ. ಮೂಲೆ ಒಮ್ಮೆ ಮೇಲೆದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಪ್ಪಳಿಸಿದರೆ ‘ಎಣ್ಣೆ ಹೋಗಿದೆ’ ಎನ್ನುತ್ತಾನೆ. ಆಮೇಲೆ ಕೆಳಗೆ ತೂರಿ, ಎಡ ಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳಿನ ರಬ್ಬರ್ ಬುಷ್‌ಗಳನ್ನು ಬೆರಳಿನಿಂದ ಅಲುಗಿಸಿ ನೋಡುತ್ತಾನೆ. ಗಾಡಿ ಒಂದು ಕಡೆ ವಾಲಿದಾಗ ಹುರಿಗೊಂಡು ಅದನ್ನು ತಡೆಯುವುದು ಆ ಸರಳು. ಉರುಸ್‌ನಲ್ಲಿ ಈ ಸರಳನ್ನು ನಡುವೆ ತುಂಡು ಮಾಡಿ, 48 ವೋಲ್ಟಿನ ವಿದ್ಯುತ್ ಮೋಟಾರ್ ಕೂರಿಸಿದ್ದಾರೆ. ತಿರುವಿನಲ್ಲಿ ಮೋಟಾರು ಸರಳನ್ನು ವಾಲುವಿಕೆಗೆ ಎದುರಾಗಿ ತಿರುಚುತ್ತದೆ. ನೇರ ದಾರಿಯಲ್ಲಿ ಸಡಿಲ ಬಿಡುವುದರಿಂದ ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದಕ್ಕೆ ಏಟು ತಗಲುವುದಿಲ್ಲ. ಪುರೊಸಾಂಗ್ವೆಯಲ್ಲಿ ಸರಳೇ ಇಲ್ಲ. ನಾಲ್ಕು ಶಾಕ್ ಅಬ್ಸಾರ್ಬರ್‌ಗಳಿಗೂ ಒಂದೊಂದು ಮೋಟಾರ್ ಇದ್ದು, ತಿರುವಿನಲ್ಲಿ ಗುರುತ್ವ ಕೇಂದ್ರವನ್ನು 10 ಮಿಲಿಮೀಟರ್‌ವರೆಗೆ ಕೆಳಗಿಳಿಸುತ್ತವೆ.

ಅಭಿಮಾನಿಗಳು ಎಡವುವುದು ಇಲ್ಲೇ. ಮೋಟಾರು ತಡೆಯುವುದು ವಾಲುವಿಕೆಯನ್ನು, ಭಾರ ಸರಿಯುವುದನ್ನಲ್ಲ. ಮೈ ನೆಟ್ಟಗಿದ್ದರೂ ಆ 450 ಕಿಲೋದಲ್ಲಿ ಬಹುಪಾಲು ಹೊರಗಿನ ಚಕ್ರಗಳಿಗೆ ಹೋಗಿಯೇ ತೀರುತ್ತದೆ. ನೆಟ್ಟಗಿರುವುದರಿಂದ ಟೈರು ರಸ್ತೆಗೆ ಸರಿಯಾಗಿ ಕೂರುತ್ತದೆ, ಚಾಲಕನಿಗೆ ಧೈರ್ಯ ಬರುತ್ತದೆ. ಆ ಧೈರ್ಯದ ಬಗ್ಗೆಯೇ ನನಗೆ ಅನುಮಾನ. ವಾಲುವ ಗಾಡಿ ಮಿತಿ ಹತ್ತಿರವಾಯಿತೆಂದು ಮೊದಲೇ ಹೇಳುತ್ತದೆ, ವಾಲದ ಗಾಡಿ ಆ ಮಾತನ್ನು ಬಹಳ ತಡವಾಗಿ ಹೇಳುತ್ತದೆ. ಅಷ್ಟಕ್ಕೂ ಕಾಫಿ ಬೇಲಿಯ ಕುರುಡು ತಿರುವುಗಳಲ್ಲಿ ಮುಂದೆ ಕಾಣುವುದೇ ಇಪ್ಪತ್ತು ಇಪ್ಪತ್ತೈದು ಮೀಟರ್. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಒದ್ದೆ ರಸ್ತೆಯಲ್ಲಿ, ಬ್ರೇಕಿಗೆ ಕಾಲು ಹೋಗುವ ಒಂದು ಸೆಕೆಂಡನ್ನೂ ಸೇರಿಸಿದರೆ ನಿಲ್ಲಲು ಮೂವತ್ತು ಮೀಟರ್ ದಾಟುತ್ತದೆ. ಮೊದಲ ಉರುಸ್‌ನ 650 ಅಶ್ವಶಕ್ತಿ ಇಲ್ಲಿ ಏನೂ ಮಾಡಲಾರದು.

ಮಗುಚುವ ಭಯದ ಬಗ್ಗೆ ಒಂದು ಮಾತು. ಚಕ್ರಾಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಎಷ್ಟು ಪಕ್ಕಬಲಕ್ಕೆ ಮಗುಚೀತೆಂಬ ಅಂದಾಜು ಸಿಗುತ್ತದೆ. ಮೇಲಿನ ಎಸ್‌ಯುವಿಗೆ ಅದು ತೂಕದ ಸುಮಾರು 1.2 ಪಟ್ಟು. ಒದ್ದೆ ರಸ್ತೆ ಕೊಡುವ ಹಿಡಿತ 0.6 ಮಾತ್ರವಾದ್ದರಿಂದ ಗಾಡಿ ಮಗುಚುವ ಮೊದಲೇ ಜಾರುತ್ತದೆ. ಅಪಾಯ ಇರುವುದು ಜಾರಿದ ಮೇಲೆ. ಚಕ್ರ ರಸ್ತೆಯಂಚಿನ ಮೆತ್ತನೆಯ ಮಣ್ಣಿಗೋ ಚರಂಡಿಗೋ ಸಿಕ್ಕಿ ಥಟ್ಟನೆ ನಿಂತಾಗ ಮೇಲಿನ ಭಾಗ ಮುಂದುವರಿಯುತ್ತದೆ. ಹೆಚ್ಚಿನ ಗಾಡಿಗಳು ಮಗುಚುವುದು ಹೀಗೆ. ನಮ್ಮ ರಸ್ತೆಗಳ ಅಂಚು ಆಷಾಢದಲ್ಲಿ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ತಿರುವಿನಲ್ಲಿ ಹೊಡೆದುಹೋದ ತೂಕ ಇಳಿಜಾರಿನಲ್ಲಿ ಸಾಲ ವಸೂಲಿ ಮಾಡುತ್ತದೆ. 2,200 ಕಿಲೋದ ಮೊದಲ ಉರುಸ್ ತನ್ನ ಗರಿಷ್ಠ ವೇಗವಾದ ಗಂಟೆಗೆ 305 ಕಿಲೋಮೀಟರಿನಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 79 ಲಕ್ಷ ಜೂಲ್. ಅದನ್ನು ನಿಲ್ಲಿಸಲೆಂದು ಮುಂದಿನ ಚಕ್ರಗಳಿಗೆ 440 ಮಿಲಿಮೀಟರ್ ವ್ಯಾಸದ ಸೆರಾಮಿಕ್ ಡಿಸ್ಕ್ ಕೊಟ್ಟಿದ್ದಾರೆ. 16 ಇಂಚಿನ ರಿಮ್ಮಿಗಿಂತಲೂ ಈ ಡಿಸ್ಕೇ ದೊಡ್ಡದು. ಈಗ ಅದೇ ಕಾರು ನಿಧಾನವಾಗಿ ಸಾವಿರ ಮೀಟರ್ ಎತ್ತರ ಇಳಿಯಲಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಮೇಲಿದೆ, ಮಂಗಳೂರು ಕಡಲ ದಂಡೆಯಲ್ಲಿದೆ. ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 2 ಕೋಟಿ 16 ಲಕ್ಷ ಜೂಲ್, ಎಂದರೆ 305ರ ವೇಗದಿಂದ ಎರಡು ಬಾರಿಗೂ ಹೆಚ್ಚು ಸಲ ನಿಲ್ಲಿಸಿದಷ್ಟು. ಇದರಲ್ಲಿ ಗಣನೀಯ ಪಾಲನ್ನು ಟೈರು ಮತ್ತು ಗಾಳಿ ತಿನ್ನುತ್ತವೆ, ನಿಜ. ಉಳಿದುದನ್ನು ಬ್ರೇಕು ಅಥವಾ ಎಂಜಿನ್ ನುಂಗಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಘಾಟಿಯ ಲಾರಿ ಚಾಲಕರು ಹೇಳುವುದು ಇದಕ್ಕೇ.

ನೆಲದಿಂದ ಎಷ್ಟು ಎತ್ತರ ಎಂಬ ವಿಷಯದಲ್ಲಿ ಮಾತ್ರ ಮಾವ ಬೆಪ್ಪಾಗುತ್ತಾರೆ. ಗಾಳಿ ತುಂಬಿದ ಸಸ್ಪೆನ್ಷನ್ ಪೂರ್ತಿ ಎದ್ದರೆ ಉರುಸ್‌ನ ಹೊಟ್ಟೆ ನೆಲದಿಂದ 248 ಮಿಲಿಮೀಟರ್ ಮೇಲಿರುತ್ತದೆ, ಮಹೀಂದ್ರ ಥಾರ್‌ನದು 226. ಹಾಗೆಂದು ಅದನ್ನು ಮಾಂದಲ್‌ಪಟ್ಟಿಗೆ ಹತ್ತಿಸುವ ಮುನ್ನ ಟೈರು ನೋಡಿ. 23 ಇಂಚಿನ ಚಕ್ರ ಹಾಕಿಸಿಕೊಂಡ ಉರುಸ್‌ನಲ್ಲಿ ರಿಮ್ಮಿಗೂ ಕಲ್ಲಿಗೂ ನಡುವೆ ಇರುವ ರಬ್ಬರು ಹತ್ತೇ ಸೆಂಟಿಮೀಟರ್. 16 ಇಂಚಿನ ಚಕ್ರದ ಥಾರ್‌ನಲ್ಲಿ ಹದಿನೆಂಟು. ಕನ್ನಡಿಗಳನ್ನು ಬಿಟ್ಟೂ ಎರಡು ಮೀಟರ್ ಮೀರುವ ಅಗಲದ ಆ ಕಾರು ಹಳೆಯ ತೋಟದ ಗೇಟಿನ ಕಲ್ಲುಕಂಬಗಳ ನಡುವೆ ನುಸುಳಬೇಕಾದದ್ದು ಬೇರೆ.

ಶುದ್ಧವಾದಿಗಳಿಗೆ ಎಲ್ಲಕ್ಕಿಂತ ನೋವಾಗಿದ್ದು ಲೋಟಸ್‌ನಿಂದ. ಹಗುರ ಮಾಡುವುದನ್ನೇ ವ್ರತ ಮಾಡಿಕೊಂಡಿದ್ದ ಕಾಲಿನ್ ಚಾಪ್‌ಮನ್‌ನ ಕಂಪನಿ ಅದು. 1996ರ ಎಲಿಸ್ ಕಾರು 725 ಕಿಲೋ ಇತ್ತು. 2022ರಲ್ಲಿ ಅದೇ ಹೆಸರಿನಡಿ ಬಂದ ವಿದ್ಯುತ್ ಎಸ್‌ಯುವಿ ಎಲೆಟ್ರೆ ಸುಮಾರು ಎರಡೂವರೆ ಟನ್. ಆದರೆ ಅದರ 112 ಯೂನಿಟ್ಟಿನ ಬ್ಯಾಟರಿ ನೆಲಹಾಸಿನಡಿ ಮಲಗಿರುವುದರಿಂದ ಗುರುತ್ವ ಕೇಂದ್ರ ಕೆಳಗೆ ಬರುತ್ತದೆ. ಇಳಿಜಾರಿನ ಶಕ್ತಿಯನ್ನು ಡಿಸ್ಕಿನಲ್ಲಿ ಸುಡುವ ಬದಲು ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ತುಂಬುತ್ತದೆ. ಸಾವಿರ ಮೀಟರ್ ಇಳಿದರೆ ಲೆಕ್ಕಕ್ಕೆ ಸಿಗುವುದು 6.8 ಯೂನಿಟ್. ಅರ್ಧ ಕೈಗೆ ಬಂದರೂ ಮೂರು ಯೂನಿಟ್ ಲಾಭ. ಒಂದೇ ತೊಡಕೆಂದರೆ ಮಡಿಕೇರಿಯಲ್ಲೇ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಹೊರಟರೆ ಬರುವ ಶಕ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ, ಕಾರು ಮತ್ತೆ ಡಿಸ್ಕ್ ಬ್ರೇಕಿಗೇ ಮೊರೆಹೋಗಬೇಕಾಗುತ್ತದೆ. ಶೇ 95ಕ್ಕೆ ಪ್ಲಗ್ ಕಿತ್ತು ಘಾಟಿ ಇಳಿಯುವುದು ಜಾಣತನ.