ಕೆಂಪು ಕಲ್ಲು ಸಿಕ್ಕರೆ ಮೊದಲು ತೂಗಿ ನೋಡಿ

ಬೆಂಗಳೂರಿನಲ್ಲಿ ಕಲ್ಲು ಗುರುತಿಸುವುದನ್ನು ಕಲಿಯಬೇಕೆಂದರೆ ಲಾಲ್‌ಬಾಗ್ ಬಂಡೆ ಹತ್ತಿ ಕೂರಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು, ಅಂದರೆ ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು. ಬಿಳಿ ಪಟ್ಟೆಯಲ್ಲಿ ಗಾಜಿನ ಚೂರಿನಂತೆ ಕಾಣುವುದು ಬೆಣಚು. ತಲೆ ಅತ್ತಿತ್ತ ಹೊರಳಿಸಿದಾಗ ಸಪಾಟಾಗಿ ಫಳಕ್ಕನೆ ಹೊಳೆಯುವುದು ಫೆಲ್ಡ್‌ಸ್ಪಾರ್ ಎಂಬ ಖನಿಜ. ಕಪ್ಪು ಪಟ್ಟೆಯಲ್ಲಿ ಮಿನುಗುವುದು ಕಾಗೆಬಂಗಾರ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಮುಟ್ಟಿಸುವ ಹಾಗಿಲ್ಲ. ಆದರೆ ಕಣ್ಣು ಪಳಗಲು ಇಷ್ಟು ಒಳ್ಳೆಯ ಜಾಗ ಊರಲ್ಲಿ ಇನ್ನೊಂದಿಲ್ಲ.

ಹೊಸಬರು ಎಡವುವುದು ಬಣ್ಣದಲ್ಲಿ. ಕರ್ನಾಟಕದಲ್ಲಿ ಕೆಂಪು ಹರಳಿನ ಗಾರ್ನೆಟ್ಟೂ ಸಿಗುತ್ತದೆ, ಕುರುಂದ ಎಂಬ ಗಡಸು ಖನಿಜವೂ ಸಿಗುತ್ತದೆ. ಕುರುಂದದಲ್ಲಿ ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ, ಅದೂ ಕೆಂಪೇ. ಅದೇ ಕುರುಂದಕ್ಕೆ ಕಬ್ಬಿಣ, ಟೈಟೇನಿಯಂ ಸೇರಿದರೆ ನೀಲ! ಹೀಗಿರುವಾಗ ಬಣ್ಣವೊಂದನ್ನೇ ನಂಬುವುದು ಹೇಗೆ ಅಲ್ವಾ?

ಅದಕ್ಕೇ ನಾನು ತೂಕವನ್ನು ಜಾಸ್ತಿ ನಂಬುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಒಣ ಕಲ್ಲನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರಕ್ಕೆ ಕಟ್ಟಿ, ತಳ-ಅಂಚು ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಅಂಕೆ, ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. 2.65ರ ಹತ್ತಿರ ಬಂದರೆ ಬೆಣಚು ಇರಬಹುದು. 4ರ ಆಸುಪಾಸು ಬಂದರೆ ಗಾರ್ನೆಟ್ಟೋ ಕುರುಂದವೋ ಎಂದು ಮುಂದೆ ನೋಡಬೇಕು. ತೀರಾ ಸಣ್ಣ ಹರಳಾದರೆ ಈ ತಕ್ಕಡಿ ಸಾಲದು, ಒಡವೆ ತೂಗುವಂಥದ್ದು ಬೇಕು.

ಇವೆರಡನ್ನು ಬೇರೆ ಮಾಡುವುದು ಆಕಾರ. ಗಾರ್ನೆಟ್ ಉಂಡುಂಡಾಗಿರುತ್ತದೆ, ಚೆನ್ನಾಗಿ ಬೆಳೆದಿದ್ದರೆ ವಜ್ರಾಕೃತಿಯ ಹನ್ನೆರಡು ಮುಖ ಎಣಿಸಬಹುದು. ಕುರುಂದ ಆರು ಮೂಲೆಯ ಕಂಬ, ಎಷ್ಟೋ ಸಲ ನಡು ಉಬ್ಬಿರುತ್ತದೆ. ಹೊಳೆಯಲ್ಲಿ ಉರುಳಿ ಆಕಾರ ಸವೆದಿದ್ದರೆ ನಿಯೋಡಿಮಿಯಂ ಎಂಬ ಜೋರು ಸೆಳೆತದ ಅಯಸ್ಕಾಂತ ಹಿಡಿಯಿರಿ. ಕಬ್ಬಿಣ ಜಾಸ್ತಿ ಇರುವ ಕೆಂಪು ಗಾರ್ನೆಟ್ಟಿನ ಸಣ್ಣ ಹರಳು ಅದರತ್ತ ಸರಿಯುತ್ತದೆ. ಮಾಣಿಕ್ಯ ಕದಲುವುದಿಲ್ಲ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಕುರುಂದ 9, ಬೆಣಚು 7. ಗೀರಿ ನೋಡುವುದೇ ಆದರೆ ಸಿಕ್ಕ ಕಲ್ಲಿನ ಮುರಿದ ಚೂರಿನಿಂದ ಬೆಣಚನ್ನು ಗೀರಿ. ಒಳ್ಳೆಯ ಹರಳಿನ ಮೈ ಕೆಡಿಸಬೇಡಿ.

ಒಡವೆಗೆ ಆಗುತ್ತದಾ ಎಂದು ತಿಳಿಯಲು ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಿ ಬರಬೇಕು, ಬಿರುಕು ಇರಬಾರದು. ಸಿಗುವ ಹರಳುಗಳಲ್ಲಿ ಬಹುಪಾಲು ಇಲ್ಲೇ ಸೋಲುತ್ತವೆ. ಸೋತ ಹರಳನ್ನೂ ನಾನು ಬಿಸಾಡುವುದಿಲ್ಲ. ಅದು ಹುಟ್ಟಿದ ಬಿಸಿ, ಒತ್ತಡ ಎಷ್ಟಿತ್ತೆಂದು ಅದರ ಒಳಗೇ ಬರೆದಿದೆ, ಬಿರುಕಿದ್ದರೂ ಅದು ಅಳಿಸಿಲ್ಲ.

ಕಾಡಿನಿಂದ ಏನನ್ನೂ ತರಬೇಡಿ. ಕ್ವಾರಿಯಾಗಲಿ ಹೊಲವಾಗಲಿ, ಯಜಮಾನರನ್ನು ಕೇಳಿಯೇ ಕಾಲಿಡಿ. ಎತ್ತಿಕೊಂಡ ಕೂಡಲೇ ಊರು, ಜಾಗ, ಯಾವ ಬಂಡೆಯಲ್ಲಿತ್ತು ಎಂದು ಚೀಟಿ ಬರೆದು ಕಲ್ಲಿನ ಜೊತೆಗೇ ಇಡಿ. ಚೀಟಿ ಇಲ್ಲದಿದ್ದರೆ ಭೂವಿಜ್ಞಾನಿಯ ಕೈಯಲ್ಲಿ ಅದು ಎಲ್ಲಿಂದಲೋ ಬಂದ ಒಂದು ಕಲ್ಲು, ಅಷ್ಟೇ.