ಸಕ್ಕರೆ ಆರತಿಗೆ ನಿಂಬೆಯ ಪರಿಮಳ ಸಾಕು, ಹುಳಿ ಬೇಡ

ಪ್ರಶ್ನೆ: ಈ ಸಲ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಮಾಡಿದೆವು. ಮಕ್ಕಳಿಗೆ ರುಚಿಸಲೆಂದು ಪಾಕಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿದ್ದೆ. ಆನೆ, ಗಿಳಿ, ಬಸವ ಯಾವುದೂ ಗಟ್ಟಿಯಾಗದೆ ಅಚ್ಚಿಗೇ ಅಂಟಿಕೊಂಡವು. ಅಚ್ಚು ಹಳೆಯದಾಗಿರುವುದು ಇದಕ್ಕೆ ಕಾರಣವೇ? ಬೇರೆ ರುಚಿಗಳನ್ನು ಸೇರಿಸಲೇಬಾರದೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಅಚ್ಚಿನ ಮೇಲೆ ತಪ್ಪು ಹೊರಿಸಬೇಡಿ. ಹಿರಿಯರ ಕಾಲದ ಕಟ್ಟಿಗೆ ಅಚ್ಚುಗಳೇ ಇಂದಿಗೂ ಅಂದವಾದ ಗೊಂಬೆಗಳನ್ನು ಕೊಡುತ್ತವೆ. ನಿಮ್ಮ ಪಾಕವನ್ನು ಕೆಡಿಸಿದ್ದು ನಿಂಬೆರಸ.

ಸಾಮಾನ್ಯ ಉಷ್ಣತೆಯಲ್ಲಿ 100 ಮಿ.ಲೀ. ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಅದೇ ನೀರು ಕುದಿಯುವಾಗ 480 ಗ್ರಾಂಗೂ ಹೆಚ್ಚು ಸಕ್ಕರೆ ಹಿಡಿಸುತ್ತದೆ. ಬಿಸಿ ಪಾಕ ಆರುತ್ತಿದ್ದಂತೆ ಈ ಹೆಚ್ಚುವರಿ ಸಕ್ಕರೆ ಸಣ್ಣ ಹರಳುಗಳಾಗಿ ಹೊರಬಂದು, ಒಂದಕ್ಕೊಂದು ಬೆಸೆದುಕೊಂಡು, ಅಚ್ಚಿನ ಆಕಾರದಲ್ಲೇ ನಿಲ್ಲುತ್ತದೆ. ಗೊಂಬೆಯ ಬಿಳುಪೂ ಗಟ್ಟಿತನವೂ ಈ ಹರಳುಗಳಿಂದಲೇ ಬರುತ್ತವೆ. ಹುಳಿ ಮತ್ತು ಕಾವು ಸೇರಿದರೆ ಸಕ್ಕರೆಯ ಒಂದು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಹರಳು ಕಟ್ಟುವುದಕ್ಕೆ ಅಡ್ಡಿಯಾಗುವುದಲ್ಲದೆ, ಫ್ರಕ್ಟೋಸ್ ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಗೊಂಬೆ ಜಿಗುಟಾಗುತ್ತದೆ. ಕೆಲವರು ಒಂದೆರಡು ಹನಿ ನಿಂಬೆರಸ ಹಾಕುವುದುಂಟು, ಅದರಿಂದ ತೊಂದರೆಯಿಲ್ಲ. ಒಂದು ಹೋಳು ಮಾತ್ರ ಬಹಳ ಹೆಚ್ಚಾಯಿತು.

ಮುಂದಿನ ಸಲ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ. ಒಣ ಕಟ್ಟಿಗೆ ಪಾಕವನ್ನು ಹೀರಿಕೊಂಡು ಗೊಂಬೆಯನ್ನು ಬಿಡದೆ ಹಿಡಿಯುತ್ತದೆ, ನೆನೆದದ್ದು ಸಲೀಸಾಗಿ ಬಿಡುತ್ತದೆ. ಒಂದು ಕಿಲೋ ಸಕ್ಕರೆಗೆ ಸುಮಾರು 300 ಮಿ.ಲೀ. ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬೆರೆಸಿ, ನೊರೆಯೊಂದಿಗೆ ಮೇಲೆ ಬರುವ ಕಸವನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಇದನ್ನೆಲ್ಲ ಒಮ್ಮೆಗೇ ಕಾಯಿಸಬೇಡಿ, ಏಕೆಂದರೆ ಅಚ್ಚಿಗೆ ಹೊಯ್ಯುವುದರೊಳಗೆ ಪಾತ್ರೆಯಲ್ಲೇ ಗಟ್ಟಿಯಾಗಿಬಿಡುತ್ತದೆ. ಎರಡು ಮೂರು ಗೊಂಬೆಗೆ ಸಾಲುವಷ್ಟನ್ನೇ ಸಣ್ಣ ಪಾತ್ರೆಯಲ್ಲಿ ಕಾಯಿಸಿ. ತಣ್ಣೀರಿಗೆ ಬಿಟ್ಟ ಹನಿ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗಬೇಕು. ಥರ್ಮಾಮೀಟರ್ ಇದ್ದವರು ಸಾಮಾನ್ಯವಾಗಿ 115 ಡಿಗ್ರಿ ಸೆಲ್ಸಿಯಸ್ ನೋಡುತ್ತಾರೆ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದ್ದು ಇಲ್ಲಿ ನೀರು 98 ಡಿಗ್ರಿಗೇ ಕುದಿಯುವುದರಿಂದ, ನೀವು 113ಕ್ಕೇ ಇಳಿಸಬಹುದು. ಆದರೂ ನಾನು ನಂಬುವುದು ತಣ್ಣೀರಿನ ಪರೀಕ್ಷೆಯನ್ನೇ. ಇಳಿಸಿದ ಪಾಕವನ್ನು ಒಂದೇ ಸಮನೆ ತಿರುವಿ, ಹಾಲಿನಂತೆ ಬೆಳ್ಳಗಾಗತೊಡಗಿದ ಕ್ಷಣದಲ್ಲಿ, ನೀರು ಒರೆಸಿ ದಾರದಿಂದ ಬಿಗಿಯಾಗಿ ಕಟ್ಟಿಟ್ಟ ಅಚ್ಚಿಗೆ ಹೊಯ್ಯಿರಿ. ಹತ್ತು ನಿಮಿಷದ ನಂತರ ನಿಧಾನವಾಗಿ ಬಿಡಿಸಿ. ಆನೆಯ ಸೊಂಡಿಲು, ಗಿಳಿಯ ಕೊಕ್ಕು ಮುರಿಯುವುದು ಅವಸರ ಮಾಡಿದಾಗಲೇ.

ರುಚಿಯನ್ನು ಖಂಡಿತವಾಗಿ ಸೇರಿಸಬಹುದು, ಆದರೆ ಅದು ಹುಳಿಯಾಗಿರಬಾರದು, ಪಾಕವನ್ನು ನೀರಾಗಿಸಲೂಬಾರದು. ನಿಂಬೆಯೇ ಬೇಕೆಂದರೆ ಸಿಪ್ಪೆಯ ಹಳದಿ ಪದರವನ್ನಷ್ಟೇ ತುರಿದು, ಒಂದು ಹಿಡಿ ಒಣ ಸಕ್ಕರೆಯೊಂದಿಗೆ ಉಜ್ಜಿ, ಆ ಸಕ್ಕರೆಯನ್ನೂ ಸೇರಿಸಿ ಪಾಕ ಮಾಡಿ ಸೋಸಿ. ಪರಿಮಳವಿರುವುದು ಸಿಪ್ಪೆಯ ಎಣ್ಣೆಯಲ್ಲಿ. ಏಲಕ್ಕಿಯನ್ನು ನಯವಾಗಿ ಪುಡಿಮಾಡಿ, ಜರಡಿ ಹಿಡಿದು, ಪಾಕವನ್ನು ಇಳಿಸಿದ ಮೇಲೆ ಹಾಕಿದರೆ ಪರಿಮಳ ಆವಿಯಾಗಿ ಹೋಗುವುದಿಲ್ಲ. ಬಿಳಿ ಗೊಂಬೆಯಲ್ಲಿ ಚುಕ್ಕೆ ಕಾಣಬಾರದೆನ್ನುವವರು ಜಜ್ಜಿದ ಏಲಕ್ಕಿಯನ್ನು ಮೊದಲ ನೀರಿನಲ್ಲೇ ಕುದಿಸಿ ಸೋಸಲಿ. ಕೇಸರಿಯಿಂದ ಬಣ್ಣವೂ ಬರುತ್ತದೆ. ಬೆಲ್ಲದಿಂದ ಈ ಕೆಲಸವಾಗದು. ಅದರಲ್ಲಿ ಒಡೆದ ಸಕ್ಕರೆ ಮೊದಲೇ ಇರುತ್ತದೆ.

ಅಂಟಿಕೊಂಡ ಆ ಪಾಕವನ್ನು ಚೆಲ್ಲಿಲ್ಲವೆಂದು ಭಾವಿಸುತ್ತೇನೆ. ಅದನ್ನು ಮತ್ತೆ ಕಾಯಿಸಿ ಗೊಂಬೆ ಮಾಡಲು ಹೋಗಬೇಡಿ, ನೀರು ಬೆರೆಸಿ ಪಾನಕ ಮಾಡಿಕೊಳ್ಳಿ.