ಗೀಸರಿನ ಮೇಲೆ ಬರೆದ ವ್ಯಾಟ್ ಎಷ್ಟು ನಿಜ?

ನೀರು ಕಾಯಿಸುವ ಗೀಸರಿನ ಮೈಮೇಲೆ ‘230 ವೋಲ್ಟ್, 2000 ವ್ಯಾಟ್’ ಎಂದು ಅಚ್ಚಾಗಿರುವುದುಂಟು. ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ಎರಡನೆಯ ಸಂಖ್ಯೆಯ ಮೇಲಿರುತ್ತದೆ. ಆದರೆ ಮೊದಲನೆಯದನ್ನು ಬಿಟ್ಟರೆ ಎರಡನೆಯದಕ್ಕೆ ಅರ್ಥವೇ ಇಲ್ಲ. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದಾಗ ಬರುವುದೇ ವ್ಯಾಟಿನಲ್ಲಿ ಅಳೆಯುವ ಸಾಮರ್ಥ್ಯವಾದ್ದರಿಂದ, 2000ವನ್ನು 230ರಿಂದ ಭಾಗಿಸಿದರೆ ಈ ಗೀಸರು ಎಳೆಯುವ ಪ್ರವಾಹ ಸುಮಾರು 8.7 ಆಂಪಿಯರ್ ಎಂದು ತಿಳಿಯುತ್ತದೆ. ಮತ್ತೆ 230ನ್ನು 8.7ರಿಂದ ಭಾಗಿಸಿದರೆ ಒಳಗಿನ ಕಾಯುವ ತಂತಿಯ ರೋಧ, ಅಂದರೆ ಪ್ರವಾಹಕ್ಕೆ ಅದು ಒಡ್ಡುವ ಅಡ್ಡಿ, ಸಿಗುತ್ತದೆ: ಸುಮಾರು 26.4 ಓಮ್. ಈ ಸಂಖ್ಯೆಗಳಲ್ಲಿ ಗೀಸರಿನ ಸ್ವಂತದ್ದು ಎನ್ನಬಹುದಾದದ್ದು ರೋಧವೊಂದೇ. ವೋಲ್ಟೇಜು ಹೊರಗಿನಿಂದ ಬರುತ್ತದೆ, ಪ್ರವಾಹವೂ ಸಾಮರ್ಥ್ಯವೂ ಅದನ್ನು ಅನುಸರಿಸುತ್ತವೆ.

ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ರೋಧ ಅಷ್ಟೇ ಇರುವುದರಿಂದ ಪ್ರವಾಹ 6.8 ಆಂಪಿಯರಿಗೆ ಕುಗ್ಗುತ್ತದೆ, ಸಾಮರ್ಥ್ಯ ಸುಮಾರು 1225 ವ್ಯಾಟಿಗೆ ಬೀಳುತ್ತದೆ. ವೋಲ್ಟೇಜು ಕಡಿಮೆಯಾದದ್ದು ಶೇಕಡ 22ರಷ್ಟು ಮಾತ್ರ, ಸಾಮರ್ಥ್ಯ ಕಳೆದುಕೊಂಡದ್ದು ಶೇಕಡ 39. ವೋಲ್ಟೇಜು ಇಳಿದಾಗ ಅದರ ಜೊತೆಗೆ ಪ್ರವಾಹವೂ ಇಳಿಯುತ್ತದೆ. ಇಳಿದ ಎರಡನ್ನೂ ಗುಣಿಸಬೇಕಾಗಿರುವುದರಿಂದ ಪೆಟ್ಟು ವರ್ಗದ ಲೆಕ್ಕದಲ್ಲಿ ಬೀಳುತ್ತದೆ. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಪೂರ್ಣ ವೋಲ್ಟೇಜಿನಲ್ಲಿ ಹದಿನಾರು ನಿಮಿಷ ಸಾಕಾದರೆ, ಈಗ ಸುಮಾರು ಇಪ್ಪತ್ತಾರು ನಿಮಿಷ ಬೇಕು. ಎರಡೂ ಸಲ ಖರ್ಚಾಗುವುದು ಹೆಚ್ಚುಕಡಿಮೆ ಅರ್ಧ ಯೂನಿಟ್ಟೇ, ಆದ್ದರಿಂದ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಈ ನಂಟನ್ನು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದಕ್ಕೆ ಮುನ್ನ ಕೊಲೋನ್ ನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ ಪ್ರಯೋಗ ನಡೆಸುತ್ತಿದ್ದ ಅವರಿಗೆ ಎದುರಾದ ದೊಡ್ಡ ತೊಡಕೆಂದರೆ, ಅಂದಿನ ಬ್ಯಾಟರಿಗಳ ವೋಲ್ಟೇಜು ಒಂದೇ ಸಮನೆ ನಿಲ್ಲುತ್ತಿರಲಿಲ್ಲ. ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅವರು ಅಲುಗದ ಪುಟ್ಟ ವಿದ್ಯುತ್ ಮೂಲವನ್ನು ಕಟ್ಟಿಕೊಂಡರು. ಉಳಿದದ್ದೆಲ್ಲ ಸ್ಥಿರವಾಗಿದ್ದಾಗ ಮಾತ್ರ ತಂತಿಯ ಗುಣವನ್ನು ಅಳೆಯಲು ಸಾಧ್ಯ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ನಮ್ಮ ತರಗತಿಗಳಲ್ಲಿ ವೋಲ್ಟೇಜು, ಪ್ರವಾಹ, ರೋಧಗಳ ಸೂತ್ರದ ತ್ರಿಕೋನವನ್ನು ಬಾಯಿಪಾಠ ಮಾಡಿಸುವ ಮುನ್ನ, ಈಗ ಯಾವುದು ಬದಲಾಗುತ್ತಿದೆ, ಯಾವುದು ಬದಲಾಗದೆ ನಿಂತಿದೆ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಏಕೆಂದರೆ ರೋಧವೂ ಯಾವಾಗಲೂ ಸ್ಥಿರವಲ್ಲ. ಗೀಸರಿನ ತಂತಿ ಸಾಮಾನ್ಯವಾಗಿ ನಿಕಲ್ ಮತ್ತು ಕ್ರೋಮಿಯಮ್ ಬೆರೆಸಿದ ನೈಕ್ರೋಮ್. ಕಾದಾಗಲೂ ಅದರ ರೋಧ ಹೆಚ್ಚೇನೂ ಏರುವುದಿಲ್ಲ. ಹಳೆಯ 60 ವ್ಯಾಟಿನ ಬಲ್ಬಿನಲ್ಲಿರುವ ಟಂಗ್‌ಸ್ಟನ್ ಹಾಗಲ್ಲ. ಅದು ಉರಿಯುವಾಗಿನ ಪ್ರವಾಹ 0.26 ಆಂಪಿಯರ್, ಅಂದರೆ ರೋಧ ಸುಮಾರು 880 ಓಮ್. ಅದೇ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ತಣ್ಣಗಾದ ಮೇಲೆ ಮಲ್ಟಿಮೀಟರಿನಲ್ಲಿ ಅಳೆದರೆ ಅದರ ಹತ್ತರಲ್ಲೊಂದು ಪಾಲೂ ಬರುವುದಿಲ್ಲ. ಮೀಟರೂ ಸರಿ, ಲೆಕ್ಕವೂ ಸರಿ. ಅಳೆದದ್ದು ಕೋಣೆಯ ಉಷ್ಣತೆಯಲ್ಲಿ, ಲೆಕ್ಕ ಹಾಕಿದ್ದು ಎರಡೂವರೆ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ. ಸ್ವಿಚ್ ಒತ್ತಿದ ಕ್ಷಣದಲ್ಲಿ ತಣ್ಣಗಿನ ತಂತಿಯೊಳಗೆ ಹತ್ತು ಪಟ್ಟಿಗೂ ಹೆಚ್ಚು ಪ್ರವಾಹ ನುಗ್ಗುವುದರಿಂದಲೇ ಹಳೆಯ ಬಲ್ಬುಗಳು ಹಾಕಿದ ಕೂಡಲೇ ಹೋಗುತ್ತಿದ್ದುದು ಹೆಚ್ಚು.

ಇನ್ನು ನಮಗೆ ಬೇಡವಾದ ರೋಧದ ವಿಷಯ. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿದರೆ ಒಂದು ಸೆಕೆಂಡಿನಲ್ಲಿ ಹುಟ್ಟುವ ಶಾಖ ಸಿಗುತ್ತದೆ. ಇದನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ 1841ರಲ್ಲಿ ತೋರಿಸಿಕೊಟ್ಟರು. ಗೀಸರಿನ ಪ್ಲಗ್ಗು ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು ಅಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೂ, 8.7 ಆಂಪಿಯರ್ ಹರಿಯುವಾಗ ಆ ಚಿಕ್ಕ ಜಾಗದಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿಯನ್ನು ಗೋಡೆಯೊಳಗೆ ಹಚ್ಚಿಟ್ಟಂತೆ ಅದು. ಸಾಕೆಟ್ಟಿನ ರಂಧ್ರಗಳು ಕಂದಿದ್ದರೆ ಅದನ್ನು ಬಳಸುವುದನ್ನು ಅಂದೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ನರಿಂದ ಬದಲಾಯಿಸಿಕೊಳ್ಳಿ.

ಮೋಟಾರಿಗೆ ಬಂದಾಗ ಗೀಸರಿನ ಪಾಠ ತಲೆಕೆಳಗಾಗುತ್ತದೆ. ತಿರುಗುವ ಮೋಟಾರು ತನ್ನೊಳಗೇ ಎದುರು ವೋಲ್ಟೇಜನ್ನು ಹುಟ್ಟಿಸುವುದರಿಂದ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದಾಗ ಸುರುಳಿಯ ರೋಧ ಬರುವುದಿಲ್ಲ. ಎರಡನ್ನೂ ಗುಣಿಸಿದರೆ ವ್ಯಾಟೂ ಬರುವುದಿಲ್ಲ, ಪವರ್ ಫ್ಯಾಕ್ಟರಿನಿಂದಲೂ (ವೋಲ್ಟೇಜೂ ಪ್ರವಾಹವೂ ಒಟ್ಟೊಟ್ಟಿಗೆ ಏರಿಳಿಯದಿರುವುದನ್ನು ಲೆಕ್ಕಕ್ಕೆ ತರುವ, ಒಂದಕ್ಕಿಂತ ಚಿಕ್ಕ ಸಂಖ್ಯೆ) ಗುಣಿಸಬೇಕು. ಕೊಳವೆಬಾವಿಯ ಪಂಪು ಎತ್ತಬೇಕಾದ ನೀರಿನ ಹೊರೆ ವೋಲ್ಟೇಜು ಇಳಿದಾಗಲೂ ಹೆಚ್ಚೇನೂ ಇಳಿಯುವುದಿಲ್ಲ. ಆದ್ದರಿಂದ ಗೀಸರು ಕಡಿಮೆ ಪ್ರವಾಹ ಎಳೆಯುವ ಹೊತ್ತಿನಲ್ಲೇ ಪಂಪಿನ ಮೋಟಾರು ಹೆಚ್ಚು ಎಳೆಯುತ್ತದೆ. ಪ್ರವಾಹ ಶೇಕಡ 20 ಏರಿದರೆ ಸುರುಳಿಯ ಶಾಖ ಶೇಕಡ 44 ಏರುತ್ತದೆ. ಬೇಸಿಗೆಯಲ್ಲಿ ಮೋಟಾರುಗಳು ಸುಡುವುದಕ್ಕೆ ಇದೊಂದು ಮುಖ್ಯ ಕಾರಣ. ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇ ಹೀಗೆ ಮಿತಿಮೀರಿದ ಪ್ರವಾಹವನ್ನೇ ಗುರುತಿಸಿ ಮೋಟಾರನ್ನು ನಿಲ್ಲಿಸಲೆಂದು ಇರುವಂಥದ್ದು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ತಪ್ಪಿಸಿ ನೇರವಾಗಿ ತಂತಿ ಕೊಟ್ಟರೆ ಪಂಪು ಓಡುತ್ತದೆ ನಿಜ, ಆದರೆ ಸುರುಳಿಯ ಮೇಲಿನ ನಿರೋಧಕ ಲೇಪ ಒಳಗೊಳಗೇ ಸುಡುತ್ತಾ ಹೋಗುತ್ತದೆ.